ಕೊಲ್ಲಿಗೆ ಹಾಕಿದ ಗಂಜಿ

ಐವತ್ತೇಳನೇ ಇಸವಿಯ ಡಿಸೆಂಬರಿನ ಆ ಶುಕ್ರವಾರ, ಬೆಳಿಗ್ಗೆ ಏಳು ಗಂಟೆಯವರೆಗೆ, ಅನ್ನೂರಿನ ನೇಕಾರ ಲಿಂಗಸಾಮಿ ಬಲು ಸುಖವಾಗಿದ್ದ. ಅಷ್ಟು ಸುಖ ಅವನಿಗೆ ಒಗ್ಗುತ್ತಿರಲಿಲ್ಲ. ಸಂತೋಷವಾದಾಗೆಲ್ಲ ಎಲ್ಲೋ ಎಣಿಕೆ ತಪ್ಪಿರಬೇಕು ಎಂದು ಹಿಂದಿರುಗಿ ನೋಡುವ ಮನುಷ್ಯ ಅವನು. ಆದರೆ ಈ ಸಲ ಅಂಗಿಯ ಜೇಬಿನಲ್ಲಿ ಕಾಗದವಿತ್ತು. ನಾಲ್ಕು ದಿನದಿಂದ ಅದನ್ನು ಅವನು ಚಹಾ ಅಂಗಡಿಯಲ್ಲಿ ಓದಿದ್ದ, ಪಕ್ಕದ ಮನೆಯ ಜಾನಕಿಯಮ್ಮನಿಗೆ ಎರಡು ಸಲ ಓದಿದ್ದ, ಕಾಗದ ತಂದುಕೊಟ್ಟ ಅಂಚೆಯವನನ್ನೇ ಬಿಸಿಲಲ್ಲಿ ನಿಲ್ಲಿಸಿ ಓದಿದ್ದ. ಮಡಿಕೆಗಳಲ್ಲಿ ಕಾಗದ ಸವೆದು, ಬೆಳಕಿಗೆ ಹಿಡಿದರೆ ಆಚೆ ಕಾಣುತ್ತಿತ್ತು.

ಕಾಗದ ಬರೆದವಳು ವಾರಿಜಾಕ್ಷಿ. ಕೋಯಮತ್ತೂರಿನ ವಕೀಲ ವ್ಯಾಸರಾಯರ ಮಗಳು. ಅವಳ ಮನೆಯಲ್ಲೂ ಕನ್ನಡ, ಲಿಂಗಸಾಮಿಯ ಮನೆಯಲ್ಲೂ ಕನ್ನಡ. ಆದರೆ ಲಿಂಗಸಾಮಿಗೆ ಕನ್ನಡದ ಅಕ್ಷರ ಬಾರದು, ಆದ್ದರಿಂದ ಕಾಗದ ತಮಿಳಿನಲ್ಲಿತ್ತು. ಅವಳು ಪಾಕ್ ಕೊಲ್ಲಿಯ ದಡದ ಒಂದು ಪುಟ್ಟ ಸಂಶೋಧನಾ ಠಾಣೆಯಲ್ಲಿ ಕೆಲಸಕ್ಕಿದ್ದಳು. ಕೆಲಸ ಏನೆಂದರೆ, ಕೊಲ್ಲಿಯ ನೀರಿನೊಳಗೆ ಗಾಜಿನ ಜಾಡಿ ಇಳಿಬಿಡುವುದು, ಮೇಲಿನಿಂದ ಉದುರುವ ಕೆಸರನ್ನು ಅದರಲ್ಲಿ ಹಿಡಿಯುವುದು, ವಾರಕ್ಕೊಂದು ಜಾಡಿ ಎತ್ತಿ ಆ ಕೆಸರಿನಲ್ಲಿ ಬರಿ ಮಣ್ಣೆಷ್ಟು, ಜೀವಕ್ಕೆ ಆಹಾರವಾಗುವುದೆಷ್ಟು ಎಂದು ಅಳೆಯುವುದು. ಜೊತೆಗೆ ದೋಣಿಯ ಹಿಂದೆ ಬಟ್ಟೆಯ ಬಲೆ ಎಳೆದು, ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳನ್ನು ಸೋಸುವುದು. ಎರಡನ್ನೂ ಕೂಡಿಸಿದರೆ ಒಂದು ಕೊಲ್ಲಿ ಎಷ್ಟು ಮೀನನ್ನು ಸಾಕಬಲ್ಲದು ಎಂದು ಹೇಳಬಹುದಂತೆ. ಲಿಂಗಸಾಮಿಗೆ ಇದು ಮೊದಲ ಸಲಕ್ಕೇ ಅರ್ಥವಾಗಿತ್ತು. ಆದರೂ ಅರ್ಥವಾಗಿದೆಯೋ ಇಲ್ಲವೋ ಎಂದು ಮೂರು ಸಲ ಕೇಳಿದ್ದ.

ಆ ಬಲೆಯ ಬಟ್ಟೆ ಪರದೇಶದ ರೇಷ್ಮೆ ಬಟ್ಟೆ. ಆ ವರ್ಷ ಅದನ್ನು ತರಿಸಲು ಪರವಾನಗಿ ಬರಲಿಲ್ಲ, ಇದ್ದ ಬಲೆಯನ್ನು ಬಾಲದಲ್ಲಿ ಮುಳ್ಳಿರುವ ತಿರುಕೆ ಮೀನೊಂದು ಹರಿದುಹಾಕಿತು. ಆಗಸ್ಟಿನಲ್ಲಿ ವಾರಿಜಾಕ್ಷಿ ಹರಿದ ತುಂಡನ್ನು ಹಿಡಿದು ಅನ್ನೂರಿಗೆ ಬಂದಳು. ಕಳಿಸಿದವರು ಕೃಷ್ಣಸಾಮಿ ಮೇಷ್ಟ್ರು. ಅವರು ಕೋಯಮತ್ತೂರಿನಲ್ಲಿ ಸಂಜೆ ಹೊತ್ತು ನೇಯ್ಗೆ ಮತ್ತು ಬಣ್ಣದ ತರಗತಿ ನಡೆಸುತ್ತಿದ್ದವರು. ಲಿಂಗಸಾಮಿ ಎರಡು ವರ್ಷ, ವಾರಕ್ಕೆ ಮೂರು ದಿನ, ಮಗ್ಗದಿಂದೆದ್ದು ಬಸ್ಸು ಹಿಡಿದು ಆ ತರಗತಿಗೆ ಹೋಗಿದ್ದ. ಪರೀಕ್ಷೆಯಲ್ಲಿ ಸರಿಯಾದ ಉತ್ತರ ಬರೆದು, ಆಮೇಲೆ ಅನುಮಾನ ಬಂದು ಹೊಡೆದುಹಾಕುವುದು ಅವನ ಪದ್ಧತಿ. "ಇವನು ಹೊಡೆದುಹಾಕಿದ್ದಕ್ಕೆಲ್ಲ ಅಂಕ ಕೊಟ್ಟಿದ್ದರೆ ಮೊದಲನೇ ದರ್ಜೆ ಬರುತ್ತಿತ್ತು," ಎಂದು ಮೇಷ್ಟ್ರು ವಾರಿಜಾಕ್ಷಿಗೆ ಹೇಳಿದ್ದರಂತೆ. "ಆದರೆ ಎಳೆ ಎಣಿಸೋದಕ್ಕೆ ಇವನಂಥವನು ಸಿಕ್ಕೋದಿಲ್ಲ. ಮೂರು ಸಲ ಎಣಿಸಿ ಆಮೇಲೂ ನಂಬೋದಿಲ್ಲ."

ಇಪ್ಪತ್ತೊಂದು ದಿನ ಅವನು ಆ ಬಟ್ಟೆ ನೇಯ್ದ. ಅಂಗುಲಕ್ಕೆ ಅರವತ್ತು ಕಣ್ಣು. ಎರಡೆರಡು ಹಾಸಿನ ಎಳೆ ಒಂದಕ್ಕೊಂದು ಹೆಣೆದುಕೊಂಡು ಒಂದೊಂದು ಹೊಕ್ಕಿನ ಎಳೆಯನ್ನು ಬಿಗಿಯಾಗಿ ಕಚ್ಚಬೇಕು, ಇಲ್ಲದಿದ್ದರೆ ನೀರಿನ ಸೆಳೆತಕ್ಕೆ ಕಣ್ಣು ದೊಡ್ಡದಾಗುತ್ತದೆ. ಬಲೆಗೆ ಬೇಕಾದಷ್ಟು ಹೋಗಿ ಉಳಿದ ತುಂಡನ್ನು ವಾರಿಜಾಕ್ಷಿ ಜಾಡಿಗಳ ಬಾಯಿಗೆ, ಏಡಿ, ಮೀನು ನುಗ್ಗದಂತೆ, ಮುಚ್ಚಳವಾಗಿ ಕಟ್ಟಿದಳು. ಜಾಡಿ ವಾರಕ್ಕೊಮ್ಮೆ ಬದಲಾದರೂ ಮುಚ್ಚಳದ ಬಟ್ಟೆ ಅದೇ.

ಈಗ ಕಾಗದದಲ್ಲಿ ಅವಳು ಬರೆದಿದ್ದಳು: "ಸೆಪ್ಟೆಂಬರಿನ ಮೊದಲ ನಾಲ್ಕು ಜಾಡಿಗಳಲ್ಲಿ ಬಂದ ಸಮೃದ್ಧಿ ನೋಡಿ ನಾನೇ ಬೆರಗಾದೆ. ಗಾಳಿ ತಿರುಗುವ ಕಾಲಕ್ಕೆ ತಳದ ಕೆಸರು ಕದಡಿ, ಕೊಲ್ಲಿಗೆ ಹಬ್ಬದೂಟ ಬಡಿಸುತ್ತದೆ ಎಂದು ನನ್ನ ಊಹೆ. ಶುಕ್ರವಾರ ಹನ್ನೊಂದು ಗಂಟೆಗೆ ಕೋಯಮತ್ತೂರಿನ ಕಾಲೇಜಿನಲ್ಲಿ, ನಮಗೆ ದೋಣಿ, ಹಣ ಕೊಡುವ ಸಮಿತಿಯ ಮುಂದೆ ವರದಿ ಓದುತ್ತೇನೆ. ಅದರ ಎರಡನೇ ಪುಟದಲ್ಲಿ, ಬಟ್ಟೆ ನೇಯ್ದವರು ಅನ್ನೂರು ಲಿಂಗಸಾಮಿ ಎಂದು ಬರೆದಿದ್ದೇನೆ. ಆಮೇಲೆ ಅದು ಅಚ್ಚಾಗುತ್ತದೆ. ಎರಡನೇ ಬಲೆಯ ಬಟ್ಟೆಯನ್ನೂ ಶುರು ಮಾಡಿ."

ಅಚ್ಚಾಗುತ್ತದೆ! ಅವನ ಅಪ್ಪ, ತಾತ, ತಾತನ ಅಪ್ಪ ನೇಯ್ದ ಸೀರೆಗಳು ಎಷ್ಟೋ ಮದುವೆಗಳನ್ನು ಕಂಡಿದ್ದವು. ಯಾವ ಸೀರೆಯ ಸೆರಗಿನಲ್ಲೂ ನೇಯ್ದವನ ಹೆಸರಿರಲಿಲ್ಲ.

ಏಳು ಗಂಟೆಗೆ ಅವನು ಹಲ್ಲುಜ್ಜಿಕೊಂಡು ಹಿತ್ತಲಿಗೆ ಬಂದ. ಅಲ್ಲಿ ಅವನ ತಾಯಿ ಪೆರಿಯನಾಯಕಿ ಎರಡನೇ ಬಲೆಯ ಬಟ್ಟೆಯನ್ನು ಎರಡು ಗೂಟಕ್ಕೆ ಬಿಗಿದು, ಪಕ್ಕದಲ್ಲಿ ಮಣ್ಣಿನ ಚಟ್ಟಿ ಇಟ್ಟುಕೊಂಡು, ಕುಂಚದಿಂದ ಏನನ್ನೋ ಬಳಿಯುತ್ತಿದ್ದಳು. ಹಬೆಯಾಡುತ್ತಿತ್ತು. ಅಕ್ಕಿ ಬೆಂದ ವಾಸನೆ.

"ಅವ್ವಾ, ಏನದು?"

"ಏನಂತ ಕೇಳ್ತಾನೆ ನೋಡು. ಗಂಜಿ."

"ಆ ಬಟ್ಟೆಗೆ ಗಂಜಿ ಹಾಕಬಾರದು ಅಂತ ಹೇಳಿದ್ದೆನಲ್ಲ! ಆಗಸ್ಟಲ್ಲೇ ಹೇಳಿದ್ದೆ!"

"ಹೇಳಿದ್ದೆ. ಕಿವಿ ಕೇಳ್ತದಪ್ಪ ನನಗೆ." ಪೆರಿಯನಾಯಕಿ ಕುಂಚ ನಿಲ್ಲಿಸಲಿಲ್ಲ. "ನೀನು ಗಂಡಸು, ನೇಯೋದು ನಿನ್ನ ವೇಲೆ, ಗಂಜಿ ಹಾಕೋ ಕೆಲಸ ನನ್ನದು. ಆ ಅಮ್ಮಣಿ ಓದಿದವಳು, ಪಾವಂ, ಅವಳಿಗೇನು ಗೊತ್ತು. ನಮ್ಮ ಮನೆಯಿಂದ ಇವತ್ತಿನವರೆಗೂ ಗಂಜಿಯಿಲ್ಲದ ಬಟ್ಟೆ ಹೊಸಿಲು ದಾಟಿಲ್ಲ. ತಲೆಗೆ ಎಣ್ಣೆ ಹಚ್ಚದೆ ಹೆಣ್ಣುಮಗಳನ್ನ ಊರಿಗೆ ಕಳಿಸ್ತಾರಾ?"

ಲಿಂಗಸಾಮಿ ಗೂಟದ ಹತ್ತಿರ ಬಂದು ಒದ್ದೆ ಬಟ್ಟೆ ಮುಟ್ಟಿ ನೋಡಿದ. "ಅವ್ವಾ... ಮೊದಲನೇ ಬಟ್ಟೆಗೆ?"

"ಅದಕ್ಕೂ ಹಾಕಿದೆ. ನೀನು ಪಾರ್ಸಲ್ಲಿಗೆ ಗೋಣಿ ತರೋಕೆ ಹೋಗಿದ್ದಾಗ. ಎರಡು ಸುತ್ತು. ಒಂದೇ ಒಂದು ಕಣ್ಣು ಮುಚ್ಚಿದ್ರೆ ಕೇಳು. ಒಂದೊಂದನ್ನೂ ಊದಿ ಬಿಡಿಸಿದ್ದೀನಿ, ಬಾಯೆಲ್ಲಾ ಒಣಗಿಹೋಯ್ತು."

"ಎಂಥಾ ಗಂಜಿ?"

"ಅಕ್ಕಿ ಗಂಜಿ. ಒಂದು ಹಿಡಿ ರಾಗಿ ಹಿಟ್ಟು, ಹಿಡಿತ ಬರಲಿ ಅಂತ. ಎರಡು ತೊಟ್ಟು ತೆಂಗಿನೆಣ್ಣೆ."

ಲಿಂಗಸಾಮಿ ಬಾವಿಕಟ್ಟೆಯ ಮೇಲೆ ಕುಳಿತ. ಅವನ ಮನಸ್ಸಿನಲ್ಲಿ ಬಟ್ಟೆಯೊಂದು ಜಾಡಿಯ ಬಾಯಿಗೆ ಕಟ್ಟಿಕೊಂಡು ಕೊಲ್ಲಿಯ ನೀರಿಗಿಳಿಯಿತು. ಉಪ್ಪುನೀರು ತಾಗಿ ಗಂಜಿ ಪೊರೆಪೊರೆಯಾಗಿ ಬಿಟ್ಟು ಜಾಡಿಯೊಳಕ್ಕೆ ಉದುರಿತು. ಮೊದಲ ವಾರ ಬಹಳ, ಎರಡನೇ ವಾರ ಸ್ವಲ್ಪ ಕಡಿಮೆ, ನಾಲ್ಕನೇ ವಾರ ಕೊನೆಯ ಚೂರುಪಾರು. ಕೊಲ್ಲಿಗೆ ಹಬ್ಬದೂಟ. ಬಡಿಸಿದ್ದು ಗಾಳಿಯಲ್ಲ, ಪೆರಿಯನಾಯಕಿ.

ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಈ ಆಲೋಚನೆ ಬಂದದ್ದು ನಿಜ. ಬಂದು, ಬಾವಿಕಟ್ಟೆಯ ಮೇಲೆ ಅವನ ಪಕ್ಕದಲ್ಲೇ ಆರಾಮವಾಗಿ ಕುಳಿತುಕೊಂಡಿತು. ವರದಿ ಅಚ್ಚಾಗುತ್ತದೆ. ಎರಡನೇ ಪುಟದಲ್ಲಿ ಹೆಸರು ಬರುತ್ತದೆ. ಆದರೆ ಆ ಹೆಸರನ್ನು ನೋಡಿದಾಗೆಲ್ಲ ಅದರ ಕೆಳಗೆ ಸಣ್ಣಗೆ, ಅವನೊಬ್ಬನಿಗೇ ಕಾಣುವಂತೆ, ಗಂಜಿ ಎಂದು ಬರೆದಿರುತ್ತದೆ. ಅಂಥದ್ದನ್ನು ಇಟ್ಟುಕೊಂಡು ಅವನು ಒಂದು ವಾರವೂ ಬದುಕಲಾರ. ಹೇಳಿದರೆ? ಹೇಳಿದರೆ ಹೆಸರೂ ಹೋಗುತ್ತದೆ, ಆ ಹೆಣ್ಣುಮಗಳ ಕೆಲಸವೂ ಮಣ್ಣಾಗುತ್ತದೆ. ಹೇಳದಿದ್ದರೆ ಅವಳು ಐದಾರು ಜನ ವಿದ್ವಾಂಸರ ಮುಂದೆ ನಿಂತು ಅನ್ನೂರಿನ ಗಂಜಿಯನ್ನು ಸಮುದ್ರದ ಸತ್ಯ ಎಂದು ಓದುತ್ತಾಳೆ.

ಅವನು ಒಳಗೆ ಓಡಿ ಸಂಜೆ ತರಗತಿಯ ನೋಟುಪುಸ್ತಕ ತೆಗೆದ. ಬಣ್ಣ ಹಾಕುವ ಮುಂಚೆ ಬಟ್ಟೆಯಲ್ಲಿ ಗಂಜಿ ಉಳಿದಿದೆಯೋ ಇಲ್ಲವೋ ನೋಡುವ ಬಗೆ: ಅಯೋಡಿನ್ ಒಂದು ತೊಟ್ಟು ಹಾಕಿದರೆ, ಗಂಜಿಯಿದ್ದಲ್ಲಿ ನೀಲಿಯಾಗುತ್ತದೆ. ಪರೀಕ್ಷೆಯಲ್ಲಿ ಅವನು ಇದನ್ನೇ ಬರೆದು ಹೊಡೆದುಹಾಕಿದ್ದ.

"ಒಂಬತ್ತು ಗಂಟೆ ಬಸ್ಸಿಗೆ ಹೋಗ್ತೀನಿ," ಎಂದ ಅಂಗಿ ಹಾಕಿಕೊಳ್ಳುತ್ತಾ.

"ಎಲ್ಲಿಗೆ?"

"ನೀನು ಮಾಡಿದ್ದನ್ನ ಹೇಳೋಕೆ."

ಪೆರಿಯನಾಯಕಿ ಕುಂಚವನ್ನು ಚಟ್ಟಿಯ ಅಂಚಿಗೆ ಒರಸಿಟ್ಟಳು. "ನನ್ನ ಗಂಜಿ ಮೇಲೆ ಮಾತು ಬಂದಿದೆ ಅಂದ್ರೆ ಉತ್ತರ ಹೇಳಬೇಕಾದವಳು ನಾನು. ಇರು, ಸೀರೆ ಬದಲಾಯಿಸಿ ಬರ್ತೀನಿ."

"ಬೇಡಾವ್ವಾ."

"ಚಟ್ಟಿ ಎತ್ಕೋ."

ಚಟ್ಟಿಯೊಂದಿಗೆ ಅವರು ಬಸ್ಸು ಹತ್ತಿದರು. ಪೆರಿಯನಾಯಕಿ ಹೊಸದಾಗಿ ಬಸಿದ ಗಂಜಿಯಿಂದ ಅರ್ಧ ಚಟ್ಟಿ ತುಂಬಿ, ಬಾಳೆಲೆ ಕಟ್ಟಿ ತೊಡೆಯ ಮೇಲಿಟ್ಟುಕೊಂಡಳು. ಕಂಡಕ್ಟರ್ ಶಣ್ಮುಗಂ ಟಿಕೆಟು ಹರಿಯುತ್ತಾ ಬಗ್ಗಿ ನೋಡಿದ.

"ಚಟ್ಟಿಯಲ್ಲಿ ಏನಮ್ಮಾ? ಚೆಲ್ಲಿದರೆ ನನ್ನ ಬಸ್ಸು ಕೆಟ್ಟುಹೋಗುತ್ತೆ," ಎಂದ ತಮಿಳಿನಲ್ಲಿ.

"ಸಾಕ್ಷಿ," ಎಂದಳು ಪೆರಿಯನಾಯಕಿ ಅದೇ ತಮಿಳಿನಲ್ಲಿ.

"ಸಾಕ್ಷಿಯಾ? ಕೋರ್ಟು ಕೇಸಾ?"

ಅಷ್ಟು ಸಾಕಾಯಿತು. ಕೋವಿಲ್‌ಪಾಳ್ಯಂ ಬರುವಷ್ಟರಲ್ಲಿ ಇಡೀ ಬಸ್ಸಿಗೆ ಕೇಸು ತಿಳಿದುಹೋಗಿತ್ತು. ತನ್ನ ಮಗ ಸಮುದ್ರಕ್ಕೆ ಬಟ್ಟೆ ನೇಯ್ದದ್ದು, ತಾನು ಅದಕ್ಕೆ ಗಂಜಿ ಹಾಕಿದ್ದು, ಸಮುದ್ರ ಅದನ್ನು ಕುಡಿದುಬಿಟ್ಟದ್ದು. ಲಿಂಗಸಾಮಿ ಕಿಟಕಿಯ ಕಡೆ ಮುಖ ಮಾಡಿ, ತಾನು ಈ ಹೆಂಗಸಿನ ಜೊತೆ ಬಂದವನೇ ಅಲ್ಲ ಎಂಬಂತೆ ಜೋಳದ ಹೊಲಗಳನ್ನು ನೋಡುತ್ತಿದ್ದ.

"ಕುಡಿದರೆ ಏನೀಗ?" ಎಂದ ಹುಂಜವನ್ನು ಕಂಕುಳಲ್ಲಿ ಹಿಡಿದಿದ್ದ ಒಬ್ಬ ಮುದುಕ. "ಉಪ್ಪು ಅದರ ಹತ್ತಿರ ಮೊದಲೇ ಇದೆ. ಗಂಜಿ ನೀವು ಹಾಕಿದಿರಿ. ಇನ್ನು ಒಂದು ಮಾವಿನಕಾಯಿ ಹೋಳು ಹಾಕಿಬಿಟ್ಟಿದ್ದರೆ ಊಟವೇ ಆಗುತ್ತಿತ್ತು."

"ತಪ್ಪು ತಪ್ಪೇ," ಎಂದಳು ಹಿಂದಿನ ಸೀಟಿನ ಹೆಂಗಸು. "ಹಾಕಬೇಡ ಅಂತ ಮಗ ಹೇಳಿದ ಮೇಲೆ ಹಾಕಬಾರದಿತ್ತು."

"ಮಗ ಹೇಳಿದ್ದನ್ನೆಲ್ಲ ಕೇಳ್ತಾ ಹೋದ್ರೆ ಅವನು ಇವತ್ತಿಗೂ ತೊಟ್ಟಿಲಲ್ಲೇ ಇರ್ತಿದ್ದ," ಎಂದಳು ಪೆರಿಯನಾಯಕಿ. "ಸ್ನಾನ ಬೇಡ ಅಂತಿದ್ದ, ಔಷಧಿ ಬೇಡ ಅಂತಿದ್ದ."

ಬಸ್ಸು ಎರಡು ಪಕ್ಷವಾಯಿತು. ಎಡಗಡೆಯವರು ಗಂಜಿಯ ಕಡೆ, ಬಲಗಡೆಯವರು ಸಮುದ್ರದ ಕಡೆ. ಹನ್ನೊಂದು ಗಂಟೆಗೆ ವರದಿ ಓದಿಬಿಡುತ್ತಾರೆ ಎಂದು ಕೇಳಿದ್ದೇ ತಡ, ಶಣ್ಮುಗಂ ಮುಂದಕ್ಕೆ ಹೋಗಿ ಡ್ರೈವರನ ಕಿವಿಯಲ್ಲಿ ಏನೋ ಹೇಳಿದ. ಸರವಣಂಪಟ್ಟಿಯಲ್ಲಿ ಇಳಿಯಬೇಕಾದ ಇಬ್ಬರೇ ಇಬ್ಬರು ಬಸ್ಸು ಪೂರ್ತಿ ನಿಲ್ಲುವ ಮುಂಚೆಯೇ ಬಾಗಿಲ ಬಳಿ ಬಂದು ನಿಂತು, ನಿಂತ ತಕ್ಷಣ ಧುಮುಕಿ, "ಹೋಗಿ, ಹೋಗಿ!" ಎಂದು ಕೈಬೀಸಿದರು. ಅಲ್ಲಿ ಹತ್ತಲು ನಿಂತಿದ್ದ ಒಂದು ಮದುವೆ ಗುಂಪಿಗೆ ಶಣ್ಮುಗಂ, "ಹಿಂದಿನ ಬಸ್ಸು ಖಾಲಿ ಬರ್ತಿದೆ!" ಎಂದು ಕೂಗಿ ಸೀಟಿ ಊದಿದ. ಲಿಂಗಸಾಮಿ ಕಣ್ಣು ಮುಚ್ಚಿಕೊಂಡ. ಹಿಂದೆ ಬಸ್ಸೇ ಇಲ್ಲವೆಂದು ಅವನಿಗೆ ಗೊತ್ತಿತ್ತು. ಒಂದು ಸುಳ್ಳನ್ನು ಅಳಿಸಲು ಹೊರಟ ಪ್ರಯಾಣದಲ್ಲಿ ಇನ್ನೊಂದು ಸುಳ್ಳು. ಆ ಮದುವೆಯವರಿಗೆ ತಾನು ಯಾವ ಜನ್ಮದಲ್ಲಿ ಉತ್ತರ ಹೇಳಬೇಕೋ!

ಗಾಂಧಿಪುರಂನಲ್ಲಿ ಇಳಿದಾಗ ಹತ್ತೂವರೆ ಆಗಿತ್ತು. ಔಷಧಿ ಅಂಗಡಿಯಲ್ಲಿ ಅವನು ಟಿಂಚರ್ ಅಯೋಡಿನ್ ಕೇಳಿದ.

"ಗಾಯ ಎಲ್ಲಿ?" ಎಂದ ಅಂಗಡಿಯವನು.

ಲಿಂಗಸಾಮಿ ತನ್ನ ಕೈಕಾಲು ನೋಡಿಕೊಂಡ. ಸುಳ್ಳು ಹೇಳಲು ಬಾರದು, ನಿಜ ಹೇಳಲು ಹೊತ್ತಿಲ್ಲ.

"ಗಾಯ ಸಮುದ್ರಕ್ಕೆ," ಎಂದಳು ಪೆರಿಯನಾಯಕಿ. "ಬೇಗ ಕೊಡಪ್ಪ."

ಅಂಗಡಿಯವನು ಇಬ್ಬರ ಮುಖವನ್ನೂ ಚಟ್ಟಿಯನ್ನೂ ನೋಡಿ, ಏನೂ ಕೇಳದೆ, ದೊಡ್ಡ ಶೀಶೆಯನ್ನೇ ಕೊಟ್ಟ.

ಕಾಲೇಜಿನ ಹಾಲ್‌ಗೆ ಅವರು ಬಂದಾಗ ವರದಿ ಶುರುವಾಗಿಬಿಟ್ಟಿತ್ತು. ಉದ್ದನೆಯ ಮೇಜು, ಆಚೆ ಸಮಿತಿಯ ಐದು ಜನ. ನಡುವೆ ಅಧ್ಯಕ್ಷರಾದ ನಿವೃತ್ತ ಪ್ರೊಫೆಸರ್ ವೆಂಕಟಾಚಲಂ, ಬೆಳಿಗ್ಗೆಯಿಂದ ಏನೂ ತಿಂದಿಲ್ಲದವರ ಮುಖ ಮಾಡಿಕೊಂಡು. ಮೇಜಿನ ಮೇಲೆ ಸಾಲಾಗಿ ಹದಿನಾಲ್ಕು ಜಾಡಿ. ಅವುಗಳಲ್ಲಿ ಹದಿನಾಲ್ಕು ವಾರದ ಕೆಸರು, ಕೊಳೆಯದಂತೆ ಔಷಧಿ ಹಾಕಿಟ್ಟದ್ದು. ವಾರಿಜಾಕ್ಷಿ ಕೈಯಲ್ಲಿ ಕೋಲು ಹಿಡಿದು ಗೋಡೆಯ ಚಿತ್ರಪಟದ ಮುಂದೆ ನಿಂತಿದ್ದಳು. ಎಣ್ಣೆ ಹಚ್ಚಿ ಬಿಗಿಯಾಗಿ ಜಡೆ ಹಾಕಿದ್ದಳು. ಅದನ್ನು ನೋಡಿ ಪೆರಿಯನಾಯಕಿ ಮೆಚ್ಚಿ ತಲೆದೂಗಿದಳು.

ಇಬ್ಬರೂ ಚಪ್ಪಲಿ ಬಾಗಿಲಲ್ಲಿ ಬಿಟ್ಟು ಹಿಂದಿನ ಬೆಂಚಿನಲ್ಲಿ ಕುಳಿತರು. ವಾರಿಜಾಕ್ಷಿಯ ಮುಖ ಅವರನ್ನು ಕಂಡು ಅರಳಿತು. ಆ ಅರಳುವಿಕೆ ಲಿಂಗಸಾಮಿಗೆ ಚಾಕುವಿನ ಹಾಗೆ ನಾಟಿತು.

"ಈ ನಾಲ್ಕು ಜಾಡಿಗಳಲ್ಲಿ ಮಾತ್ರ ಸಿಕ್ಕುವ ಇನ್ನೊಂದು ಸಂಗತಿ," ಎಂದು ಅವಳು ಚಿತ್ರಪಟದ ಮೂಲೆ ತೋರಿಸಿದಳು. ಸೂಕ್ಷ್ಮದರ್ಶಕದಲ್ಲಿ ಕಂಡದ್ದನ್ನು ಅಂಗೈಯಷ್ಟು ದೊಡ್ಡದಾಗಿ ಬರೆದ ಚಿತ್ರ. ಬಿಳಿಯ ತೆಳು ಪೊರೆ, ನಡುವೆ ಕಂದು ಚುಕ್ಕಿ. "ಇದು ಏನೆಂದು ಇನ್ನೂ ಖಚಿತವಿಲ್ಲ. ಯಾವುದೋ ಜೀವಿಯ ಮೊಟ್ಟೆಯಿರಬಹುದು. ಪುಸ್ತಕಗಳಲ್ಲಿ ಎಲ್ಲೂ ಇಂಥದ್ದು ಕಾಣಲಿಲ್ಲ."

ಪೆರಿಯನಾಯಕಿ ಕಣ್ಣು ಕಿರಿದು ಮಾಡಿ ನೋಡಿದಳು. ಅವಳ ಪಿಸುಮಾತು ಮಗ್ಗದ ಸದ್ದಿನ ಮೇಲೆ ಮಾತಾಡಿ ಅಭ್ಯಾಸವಾದದ್ದು. ಹಾಲ್‌ನ ಆಚೆ ಗೋಡೆಗೂ ಕೇಳಿಸಿತು. "ಮಗಾ, ಅದು ನನ್ನ ಗಂಜಿ ಪೊರೆ ಅಲ್ಲವಾ? ಆ ಚುಕ್ಕಿ ರಾಗಿ ಹೊಟ್ಟು. ಅವತ್ತು ಹಿಟ್ಟು ಸರಿಯಾಗಿ ಸೋಸಿರಲಿಲ್ಲ."

ಐದು ತಲೆಗಳು ತಿರುಗಿದವು. ವಾರಿಜಾಕ್ಷಿಯ ಕೋಲು ಗಾಳಿಯಲ್ಲಿ ನಿಂತಿತು.

ಲಿಂಗಸಾಮಿ ಎದ್ದ. "ಅಮ್ಮಣಿ," ಎಂದ. "ನಾನು... ಬಟ್ಟೆ ನೇಯ್ದವನು. ಅದಕ್ಕೆ ಗಂಜಿ ಬಿದ್ದಿದೆ. ನನಗೆ ಇವತ್ತು ಬೆಳಿಗ್ಗೆ ಗೊತ್ತಾಯ್ತು. ಮೊದಲೇ ನೋಡಿಕೊಳ್ಳಬೇಕಿತ್ತು. ಗಂಜಿ ಹಾಕಬೇಡ ಅಂತ ಹೇಳಿದ್ದೆ, ಆದರೆ ಹೇಳಿದ್ದು ಸಾಲದು, ಎಳೆ ಎಣಿಸಿದ ಹಾಗೆ ಅದನ್ನೂ ನೋಡಬೇಕಿತ್ತು. ಮುಚ್ಚಳದ ಬಟ್ಟೆಯಿಂದ ಗಂಜಿ ಬಿಟ್ಟು ಜಾಡಿಗೆ ಉದುರಿದೆ. ಆ ಸಮೃದ್ಧಿ ಕೊಲ್ಲಿಯದಲ್ಲ. ನಮ್ಮನೇದು."

ಪ್ರೊಫೆಸರ್ ವೆಂಕಟಾಚಲಂ ಕನ್ನಡಕ ಮೇಲಕ್ಕೆ ತಳ್ಳಿ, "ಇವರು ಏನು ಹೇಳ್ತಿದ್ದಾರೆ?" ಎಂದು ತಮಿಳಿನಲ್ಲಿ ಕೇಳಿದರು. ಲಿಂಗಸಾಮಿ ಅಷ್ಟನ್ನೂ ತಮಿಳಿನಲ್ಲಿ ಇನ್ನೊಮ್ಮೆ ಹೇಳಿದ.

"ನಿಜವೋ ಅಲ್ಲವೋ ಈಗಲೇ ನೋಡಬಹುದು," ಎಂದು ಜೇಬಿನಿಂದ ಶೀಶೆ ತೆಗೆದ. "ಒಂದು ಚಮಚ ಕೆಸರು. ಒಂದು ತೊಟ್ಟು. ಅಪ್ಪಣೆ ಕೊಟ್ಟರೆ."

ಅಪ್ಪಣೆಯನ್ನು ಯಾರು ಕೊಟ್ಟರೋ ಅವನಿಗೆ ಆಮೇಲೆ ನೆನಪಾಗಲಿಲ್ಲ. ವಾರಿಜಾಕ್ಷಿಯೇ ಮೊದಲನೇ ಜಾಡಿಯಿಂದ ಗಾಜಿನ ತಟ್ಟೆಗೆ ಸ್ವಲ್ಪ ಕೆಸರು ತೆಗೆದಳು. ಅವನು ಶೀಶೆ ಬಗ್ಗಿಸಿದ. ಒಂದು ತೊಟ್ಟು ಬಿತ್ತು.

ಬೂದು ಕೆಸರು ನೀಲಿಯಾಯಿತು. ಹೊಸ ಇಂಡಿಗೋ ತೊಟ್ಟಿಯ ನೀಲಿ.

"ಆಹಾ!" ಎಂದಳು ಪೆರಿಯನಾಯಕಿ, ತನ್ನ ಗಂಜಿಯ ಗಟ್ಟಿತನ ಕಂಡು.

ಎರಡನೇ ಜಾಡಿ: ನೀಲಿ. ಮೂರನೆಯದು: ತೆಳು ನೀಲಿ. ನಾಲ್ಕನೆಯದು ಅಲ್ಲಲ್ಲಿ ಚುಕ್ಕಿ. ಒಂದೊಂದು ನೀಲಿಗೂ ವಾರಿಜಾಕ್ಷಿ ತನ್ನ ವರದಿಯ ಒಂದು ಸಾಲನ್ನು ಪೆನ್ಸಿಲಿನಿಂದ ಹೊಡೆದುಹಾಕುತ್ತಾ ಬಂದಳು. ಆ ಪೆನ್ಸಿಲಿನ ಗೀಚು ಲಿಂಗಸಾಮಿಯ ಬೆನ್ನಮೇಲೆಯೇ ಆಡಿದಂತಿತ್ತು. ನಾಲ್ಕು ಸಾಲಾದ ಮೇಲೆ ಅವಳು ಪುಟ ತಿರುವಿದಳು. ಎರಡನೇ ಪುಟ. ತನ್ನ ಹೆಸರಿನ ಸಾಲಿನ ಮೇಲೆ ಪೆನ್ಸಿಲು ಓಡುವುದನ್ನು ಅವನು ಕಂಡ. ಅದು ಸರಿಯಾಗಿಯೇ ಇದೆ ಎಂದುಕೊಂಡ.

ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಲಿಂಗಸಾಮಿ ಅರ್ಧಕ್ಕೆ ಎಣಿಕೆ ಬಿಡುವವನಲ್ಲ. "ಐದನೇದು," ಎಂದ.

ಐದನೆಯದು ಬರಿ ಅಯೋಡಿನ್ನಿನ ಕಂದು. ಆರನೆಯದೂ ಕಂದು. ಏಳು, ಎಂಟು, ಒಂಬತ್ತು... ಹದಿನಾಲ್ಕರವರೆಗೂ ಒಂದರಲ್ಲೂ ನೀಲಿಯಿಲ್ಲ. ಅನುಮಾನಕ್ಕೆ ಅವನು ಮತ್ತೆ ಐದರಿಂದ ಶುರುಮಾಡಿದ. ಮತ್ತೆ ಕಂದು.

"ಮೂರನೇ ಸಲ ಬೇಡ," ಎಂದರು ಪ್ರೊಫೆಸರು. "ನಂಬಿದ್ದೇವೆ."

ವಾರಿಜಾಕ್ಷಿ ತನ್ನ ಅಂಕಿಗಳ ಹಾಳೆಯನ್ನೇ ನೋಡುತ್ತಿದ್ದಳು. ಮೊದಲ ನಾಲ್ಕು ಸಾಲು ಹೋಗಿದ್ದರಿಂದ ಪುಟವೇ ಬೇರೆಯಾಗಿ ಕಾಣುತ್ತಿತ್ತು. ಆ ನಾಲ್ಕು ದೊಡ್ಡ ಅಂಕಿಗಳ ನೆರಳಲ್ಲಿ ಕುಳಿತಿದ್ದ ಎರಡು ಸಣ್ಣ ಅಂಕಿಗಳು ಈಗ ತಲೆಯೆತ್ತಿದ್ದವು.

"ಎಂಟು, ಒಂಬತ್ತು," ಎಂದಳು ಮೆಲ್ಲಗೆ. ಆಮೇಲೆ ಜೋರಾಗಿ, "ಎಂಟು, ಒಂಬತ್ತು! ಸಾರ್, ಇವೆರಡೂ ಅಕ್ಕಪಕ್ಕದವಕ್ಕಿಂತ ಕಾಲುಭಾಗ ಹೆಚ್ಚಿವೆ. ಸೆಪ್ಟೆಂಬರಿನ ಎದುರಿಗೆ ಇದೇನು ಲೆಕ್ಕ ಅಂತ ನಾನು ಇವನ್ನ ಬಿಟ್ಟೇಬಿಟ್ಟಿದ್ದೆ. ಏಳನೇ ವಾರ ಮೊದಲ ಮಳೆ ಬಂತು. ಹೊಳೆಯ ಮಣ್ಣು ಕೊಲ್ಲಿಗಿಳಿಯಿತು. ಎಂಟು, ಒಂಬತ್ತರಲ್ಲಿ ಅದು ಕಾಣ್ತಿದೆ. ಬಲೆಯಲ್ಲೂ ಅದೇ ಎರಡು ವಾರ ಜೀವಿಗಳು ಹೆಚ್ಚಿದ್ದವು! ಗಾಳಿಯಲ್ಲ ಸಾರ್, ಮಳೆ! ಗಂಜಿ ಇದನ್ನ ಮುಚ್ಚಿಬಿಟ್ಟಿತ್ತು!"

"ಮುಚ್ಚಿದ್ದಲ್ಲ," ಎಂದಳು ಪೆರಿಯನಾಯಕಿ. "ಒಂದು ಕಣ್ಣನ್ನೂ ಮುಚ್ಚಿಲ್ಲ. ಊದಿ ಬಿಡಿಸಿದ್ದೀನಿ."

ಆಗ ನಗು ಶುರುವಾಯಿತು. ಮೊದಲು ನಕ್ಕವಳು ವಾರಿಜಾಕ್ಷಿ. ಮೂರು ತಿಂಗಳ ಬೆರಗು, ಹೆಸರಿಡಬೇಕೆಂದಿದ್ದ ಮೊಟ್ಟೆ, ಹಬ್ಬದೂಟ, ಎಲ್ಲವೂ ಒಟ್ಟಿಗೆ ಸೇರಿ ಅವಳು ಮೇಜು ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ಸಮಿತಿಯ ಐದು ಜನರೂ ನಕ್ಕರು. ನಗಬಹುದೋ ಬಾರದೋ ಎಂದು ಸ್ವಲ್ಪ ಹೊತ್ತು ಯೋಚಿಸಿ, ಎಲ್ಲರೂ ನಿಲ್ಲಿಸುವ ಹೊತ್ತಿಗೆ, ಲಿಂಗಸಾಮಿ ಒಬ್ಬನೇ ನಕ್ಕ.

"ಇನ್ನೊಂದು ವರ್ಷ ಜಾಡಿ ಇಳಿಸಿ," ಎಂದರು ಪ್ರೊಫೆಸರು ವಾರಿಜಾಕ್ಷಿಗೆ. "ಎರಡು ಅಂಕಿಯ ಮೇಲೆ ಮನೆ ಕಟ್ಟಲಾಗುವುದಿಲ್ಲ, ಆದರೆ ಪಾಯ ಅಗೆಯಬಹುದು. ದೋಣಿ ಕೊಡುತ್ತೇವೆ. ಬಟ್ಟೆ ಇವರದೇ ಇರಲಿ. ಗಂಜಿ ಮಾತ್ರ ಬೇಡ."

"ಅದಾಗೋದಿಲ್ಲ," ಎಂದಳು ಪೆರಿಯನಾಯಕಿ.

ಪ್ರೊಫೆಸರು ಕನ್ನಡಕವನ್ನು ಮತ್ತೆ ಮೇಲಕ್ಕೆ ತಳ್ಳಿದರು.

"ಗಂಜಿಯಿಲ್ಲದೆ ನಮ್ಮ ಮನೆಯಿಂದ ಬಟ್ಟೆ ಹೊರಡೋದಿಲ್ಲ. ಅದು ನಾನು ಸಾಯೋವರೆಗೂ ಇಲ್ಲ."

ಲಿಂಗಸಾಮಿ ತಾಯಿಯನ್ನು ನೋಡಿದ, ಪ್ರೊಫೆಸರನ್ನು ನೋಡಿದ, ಕೈಯಲ್ಲಿದ್ದ ಶೀಶೆಯನ್ನು ನೋಡಿದ. "ಅವ್ವ ಗಂಜಿ ಹಾಕಲಿ," ಎಂದ. "ಹೊಸಿಲು ದಾಟಲಿ. ದಾಟಿದ ಮೇಲೆ ಬೀದಿಯಲ್ಲಿ ನಾನು ತೊಳೀತೀನಿ. ಏಳು ನೀರಲ್ಲಿ. ಒಂದೊಂದು ನೀರಿಗೂ ಒಂದು ತೊಟ್ಟು ಹಾಕಿ ನೋಡ್ತೀನಿ. ನೀಲಿ ಹೋಗೋವರೆಗೆ." ಒಂದು ಕ್ಷಣ ತಡೆದು ಸೇರಿಸಿದ, "ಎಂಟು ನೀರಲ್ಲಿ."

ಪೆರಿಯನಾಯಕಿ ಯೋಚಿಸಿದಳು. "ಹೊಸಿಲು ದಾಟಿದ ಮೇಲೆ ತಾನೇ? ಸರಿ. ಆಮೇಲೆ ಏನಾದರೂ ಮಾಡ್ಕೋ."

ಪ್ರೊಫೆಸರ್ ವೆಂಕಟಾಚಲಂ ಬಹಳ ಹೊತ್ತಿನಿಂದ ಬಾಳೆಲೆ ಕಟ್ಟಿದ ಚಟ್ಟಿಯನ್ನೇ ನೋಡುತ್ತಿದ್ದರು. "ಅದೇನಾ ಆ ಗಂಜಿ?" ಎಂದರು.

"ಅದೇ. ನೋಡಿ, ಎಷ್ಟು ಶುದ್ಧ!" ಪೆರಿಯನಾಯಕಿ ಎಲೆ ಬಿಚ್ಚಿದಳು. ಅಕ್ಕಿ, ರಾಗಿ, ಕೊಬ್ಬರಿ ಎಣ್ಣೆಯ ಘಮ ಹಾಲ್‌ನಲ್ಲೆಲ್ಲ ಹರಡಿತು. ಅಧ್ಯಕ್ಷರು ಸುತ್ತ ನೋಡಿದರು. ಊಟಕ್ಕೆ ಇನ್ನೂ ಎರಡು ಗಂಟೆಯಿತ್ತು. ಅವರು ಚಹಾದ ಲೋಟವನ್ನು ಮುಂದೆ ಚಾಚಿದರು.

ಮಧ್ಯಾಹ್ನದ ಬಸ್ಸಿನಲ್ಲಿ ಶಣ್ಮುಗಂನೇ ಕಂಡಕ್ಟರ್. ಇವರನ್ನು ಕಂಡದ್ದೇ ಟಿಕೆಟಿನ ಕಟ್ಟು ಕಂಕುಳಿಗೆ ಸಿಕ್ಕಿಸಿಕೊಂಡು ಓಡಿ ಬಂದ. "ಕೇಸು ಏನಾಯ್ತು?"

"ಗೆದ್ದೆವು," ಎಂದಳು ಪೆರಿಯನಾಯಕಿ.

"ಸಾಕ್ಷಿ ಎಲ್ಲಿ?" ಅವನು ಖಾಲಿ ಚಟ್ಟಿಯೊಳಗೆ ಇಣುಕಿದ.

"ಜಡ್ಜು ಕುಡಿದುಬಿಟ್ಟರು. ಎರಡು ಲೋಟ. ಉಪ್ಪು ಕಡಿಮೆ ಅಂದರು."

ಲಿಂಗಸಾಮಿ ಕಿಟಕಿಯ ಪಕ್ಕ ಕುಳಿತು ಕೈಯಲ್ಲಿದ್ದ ಹಾಳೆಯನ್ನು ಓದುತ್ತಿದ್ದ. ವರದಿಯ ಎರಡನೇ ಪುಟದ ನಕಲು. ಹೊರಡುವಾಗ ವಾರಿಜಾಕ್ಷಿ, ಸರಿಯಿದೆಯೋ ನೋಡಿ ಹೇಳಿ ಎಂದು, ತಮಿಳಿನಲ್ಲಿ ಬರೆದುಕೊಟ್ಟಿದ್ದಳು. ಹೊಡೆದುಹಾಕಿದ್ದ ಹಳೆಯ ಸಾಲಿನ ಜಾಗದಲ್ಲಿ ಹೊಸ ಸಾಲುಗಳು: "ಬಟ್ಟೆ ನೇಯ್ದವರು ಅನ್ನೂರು ಲಿಂಗಸಾಮಿ. ಮೊದಲ ನಾಲ್ಕು ಜಾಡಿಗಳ ದೋಷವನ್ನು ಕಂಡುಹಿಡಿದು, ತಾವೇ ಬಂದು ತೋರಿಸಿಕೊಟ್ಟವರೂ ಅವರೇ. ಗಂಜಿ, ಶ್ರೀಮತಿ ಪೆರಿಯನಾಯಕಿ."

ಅವನು ಅದನ್ನು ಮೂರು ಸಲ ಓದಿದ. 'ಕಂಡುಹಿಡಿದು' ಎನ್ನುವುದು ಜಾಸ್ತಿಯಾಯಿತೇನೋ. ಕಂಡುಹಿಡಿದದ್ದು ಎಲ್ಲಿ, ಹಿತ್ತಲಿಗೆ ಹೋದಾಗ ಕಣ್ಣಿಗೆ ಬಿತ್ತು ಅಷ್ಟೆ. ಜೇಬಿನಲ್ಲಿ ಪೆನ್ಸಿಲು ಹುಡುಕಿದ. ಸಿಕ್ಕಿತು. ಆ ಪದದ ತಲೆಯ ಮೇಲೆ ತುದಿಯಿಟ್ಟು ಇನ್ನೇನು ಗೀಚಬೇಕು, ಅಷ್ಟರಲ್ಲಿ ಪೆರಿಯನಾಯಕಿ ಪಕ್ಕದಿಂದ ಕೈ ಚಾಚಿ ಪೆನ್ಸಿಲನ್ನು ಕಿತ್ತುಕೊಂಡು ತನ್ನ ತುರುಬಿಗೆ ಸಿಕ್ಕಿಸಿಕೊಂಡಳು.

"ಹಾಗೇ ಇರಲಿ," ಎಂದಳು. "ಜೋರಾಗಿ ಓದು. ಬಸ್ಸೆಲ್ಲಾ ಕಾಯ್ತಿದೆ."